ದೊರಾಲಿಸಿಯ ಮಾವು, ಮಿರೊನ ಹಾಲು

ರಿಯಾಚೊ ಮಾನ್ಸೊ ಎಂಬ ಊರಿನ ಶಾಲೆಯ ಅಡುಗೆಮನೆಗೆ ದೋನಾ ದೊರಾಲಿಸಿ ಕಾಲಿಟ್ಟ ಮೇಲೆ ಎಷ್ಟೋ ಹೆಡ್‌ಮೇಷ್ಟರು ಬಂದರು, ಹೋದರು. ಗಾಳಿಗೆ ಶಾಲೆಯ ಹೆಂಚು ಹಾರಿಹೋಯಿತು, ಹೊಸ ಹೆಂಚು ಬಂತು. ಆದರೆ ಆ ಅಡುಗೆಮನೆಯ ಒಂದು ಕಟ್ಟಳೆ ಮಾತ್ರ ಕೂದಲೆಳೆಯಷ್ಟೂ ಕದಲಲಿಲ್ಲ. ಮಕ್ಕಳಿಗೆ ಹಾಲು ಕೊಡುವ ದಿನ ಮಾವಿನಹಣ್ಣು ಇಲ್ಲ. ಮಾವಿನಹಣ್ಣು ಕೊಡುವ ದಿನ ಹಾಲು ಇಲ್ಲ. ಎರಡಕ್ಕೂ ಬೇರೆ ಪಾತ್ರೆ, ಬೇರೆ ಚಾಕು, ಬೇರೆ ಮೂಲೆ. ಹಾಲಿನ ಮೂಲೆಯಿಂದ ಮಾವಿನ ಮೂಲೆಗೆ ಹೋಗುವಾಗ ಆಕೆ ಕೈ ತೊಳೆದುಕೊಂಡೇ ಹೋಗುತ್ತಿದ್ದಳು. ಮಾವಿನಹಣ್ಣು ತಿಂದು ಹಾಲು ಕುಡಿದವರು ಸಾಯುತ್ತಾರೆ ಎಂಬುದು ಆ ಊರಿನಲ್ಲಿ ಹಾಲುಗಲ್ಲದ ಕೂಸಿಗೂ ಗೊತ್ತಿದ್ದ ವಿಷಯ. ಆ ಸೀಮೆಯಲ್ಲಿ ಮಾವಿನ ಸುಗ್ಗಿ ನವೆಂಬರಿನಲ್ಲಿ; ಅದು ಬಂತೆಂದರೆ ಬೀದಿ ಬೀದಿಯಲ್ಲಿ ಮಾವಿನಹಣ್ಣು ತಲೆಯ ಮೇಲೆ ಬೀಳುವ ಊರು ಅದು. ಅಂಥಲ್ಲಿ ಹಾಲು ಕುಡಿಯುವುದೆಂದರೆ ಜೀವ ಅಂಗೈಯಲ್ಲಿ ಹಿಡಿದುಕೊಂಡೇ ಕುಡಿಯಬೇಕು.

ಮಕ್ಕಳಿಗೆ ಆಕೆ ದೊರಾ ಅತ್ತೆ. ಐವತ್ತೆಂಟು ದಾಟಿತ್ತು. ತೋಳು ಒನಕೆ, ದನಿ ಚರ್ಚಿನ ಗಂಟೆ. ಬುಧವಾರ ಆಕೆ ಮೆಕ್ಕೆಜೋಳ, ತೆಂಗಿನಹಾಲು ಹಾಕಿ ಮುಂಗುಜಾ ಪಾಯಸ ಕುದಿಸಿದರೆ, ಶಾಲೆ ಬಿಟ್ಟು ಹತ್ತು ವರ್ಷವಾದವರೂ ಏನೋ ಕೆಲಸದ ನೆಪ ಹೇಳಿಕೊಂಡು ಕಾಂಪೌಂಡಿನ ಹತ್ತಿರ ಸುಳಿದಾಡುತ್ತಿದ್ದರು. ಬೈಯುತ್ತಲೇ ಬಡಿಸುವವಳು, ಬಡಿಸುತ್ತಲೇ ಬೈಯುವವಳು.

ನಂಬಿಕೆಗಳ ವಿಷಯದಲ್ಲಿ ಮಾತ್ರ, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ. ಬಟ್ಟೆ ಇಸ್ತ್ರಿ ಮಾಡಿದ ಮೇಲೆ ಫ್ರಿಜ್ಜಿನ ಬಾಗಿಲು ತೆಗೆದರೆ ಬಾಯಿ ಸೊಟ್ಟಗಾಗುತ್ತದೆ. ಚಪ್ಪಲಿ ಮಗುಚಿ ಬಿದ್ದಿದ್ದರೆ ಅದರ ಯಜಮಾನನ ತಾಯಿ ಸಾಯುತ್ತಾಳೆ. ದೊರಾಲಿಸಿಯ ತಾಯಿ ಎಂದೋ ತೀರಿಕೊಂಡಿದ್ದಳು, ಆದರೂ ಆಕೆ ಶಾಲೆಯ ವರಾಂಡದಲ್ಲಿ ಮಗುಚಿಬಿದ್ದ ಚಪ್ಪಲಿಗಳನ್ನೆಲ್ಲ ನೆಟ್ಟಗೆ ಮಾಡಿಟ್ಟೇ ಮುಂದೆ ಹೋಗುವವಳು. "ನಮ್ಮಮ್ಮ ಹೋದ್ಲು, ಈ ಮಕ್ಕಳ ಅಮ್ಮಂದಿರು ಇದಾರಲ್ಲ ಪಾಪ" ಎನ್ನುವಳು.

ಇವೆಲ್ಲ ನಗುವುದಕ್ಕೆ ಸರಿ. ಆದರೆ ಇನ್ನೊಂದು ನಂಬಿಕೆ ಆಕೆಯ ಬದುಕನ್ನೇ ನುಂಗಿ ಕೂತಿತ್ತು. ಹದಿನೇಳರ ಹುಡುಗಿಯಾಗಿದ್ದಾಗ ಒಂದು ಬೆಳಿಗ್ಗೆ ಸೋದರತ್ತೆ ಫಿಲೊ ಅಂಗಳ ಗುಡಿಸುತ್ತಿದ್ದಳು, ದೊರಾಲಿಸಿ ಹೊಸ್ತಿಲ ಮೇಲೆ ಕೂತು ತಲೆ ಬಾಚುತ್ತಿದ್ದಳು, ಪೊರಕೆ ಆಕೆಯ ಪಾದಗಳ ಮೇಲೆ ಹಾದುಹೋಯಿತು. "ಅಯ್ಯಯ್ಯೋ, ನಿನ್ನ ಮದುವೆ ಗುಡಿಸಿಹಾಕಿಬಿಟ್ಟೆನಲ್ಲೇ!" ಎಂದು ಅತ್ತೆ ಎದೆ ಬಡಿದುಕೊಂಡಳು. ಕಾಲ ಮೇಲೆ ಪೊರಕೆ ಹೋದವಳಿಗೆ ಎಂದಿಗೂ ಮದುವೆಯಿಲ್ಲ. ಮುಂದಿನ ತಿಂಗಳೇ, ಮಾತುಕತೆಯಾಗಿದ್ದ ದರ್ಜಿ ಹುಡುಗ ಲಾರಿ ಹತ್ತಿ ಸಾವೊ ಪಾವ್ಲೊಗೆ ಹೋದವನು ತಿರುಗಿ ನೋಡಲಿಲ್ಲ. ಆ ವರ್ಷ ಬರ ಬಿದ್ದು ಅರ್ಧ ಊರಿನ ಹುಡುಗರು ಅದೇ ಲಾರಿಗಳಲ್ಲಿ ಹೋಗಿದ್ದರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಊರಿನವರು ಕೊಂಬೆ ಒಣಗಿತ್ತೇ ಎಂದು ಕೇಳಲಿಲ್ಲ, ಕಾಗೆಯನ್ನೇ ಹಿಡಿದುಕೊಂಡರು. ದೊರಾಲಿಸಿ ಅಂದೇ ತೀರ್ಮಾನಿಸಿದಳು: ತನ್ನನ್ನು ಕಟ್ಟಿಕೊಳ್ಳಲು ಬಂದವನು ಒಂದೋ ಓಡಿಹೋಗುತ್ತಾನೆ, ಇಲ್ಲವೇ ಪ್ರಾಣ ಬಿಡುತ್ತಾನೆ.

ಆಮೇಲೆ ಬಂದವನು ಹಾಲಿನ ಮಿರೊ. ಪೂರ್ತಿ ಹೆಸರು ವಾಲ್ಡೊಮಿರೊ. ಹೆಂಡತಿ ತೀರಿಹೋದವನು, ಮಕ್ಕಳಿಲ್ಲ, ನಾಲ್ಕು ಹಸು, ಒಂದು ಹಳೇ ಮೋಟಾರ್ ಬೈಕು, ಅದರ ಎರಡೂ ಕಡೆ ಹಾಲಿನ ಕ್ಯಾನು. ಶಾಲೆಗೆ ಹಾಲು ತರುವ ದಿನಗಳಲ್ಲಿ ಕ್ಯಾನು ಇಳಿಸಿ, ಟೋಪಿ ತೆಗೆದು, ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳುತ್ತಿದ್ದ.

"ಇವತ್ತಾದ್ರೂ, ದೋನಾ ದೊರಾ?"

"ಹಾಲು ಸುರಿದು ಹೋಗಿ, ಸೆಉ ಮಿರೊ."

ಒಂಬತ್ತು ವರ್ಷ ಇದೇ ಪ್ರಶ್ನೆ, ಇದೇ ಉತ್ತರ; ಅವನ ಬಾಯಲ್ಲಿ ಮರ್ಯಾದೆಯ 'ದೋನಾ', ಆಕೆಯ ಬಾಯಲ್ಲಿ ಮರ್ಯಾದೆಯ 'ಸೆಉ'. ಅವನು ಹಾಲು ಸುರಿದು, ಟೋಪಿ ಹಾಕಿಕೊಂಡು, ಶಿಳ್ಳೆ ಹಾಕುತ್ತ ಹೋಗುತ್ತಿದ್ದ. ಆಕೆ ಅವನ ಬೈಕಿನ ಧೂಳು ಅಡಗುವ ತನಕ ಕಿಟಕಿಯಲ್ಲಿ ನಿಂತಿರುತ್ತಿದ್ದಳು. ಆಕೆಗೆ ಅವನೆಂದರೆ ಇಷ್ಟವಿತ್ತು, ಬಹಳ ಇಷ್ಟವಿತ್ತು. ಇದು ಮಿರೊ ಒಬ್ಬನನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು. ತನ್ನ ಮೈಯಿಂದ ಹಾಲಿನ ಕಮಟು ವಾಸನೆ ಬರುತ್ತದೆ, ಅದಕ್ಕೇ ದೋನಾ ಬೇಡವೆನ್ನುತ್ತಾಳೆ ಎಂದುಕೊಂಡು ಆ ಬಡಪಾಯಿ ಚಳಿಗಾಲದಲ್ಲೂ ದಿನಕ್ಕೆ ಎರಡು ಸಲ ಸ್ನಾನ ಮಾಡುತ್ತಿದ್ದ.

ಹೀಗಿರುವಾಗ ಶಾಲೆಯಲ್ಲಿ ವಿಜ್ಞಾನ ಮೇಳ ಬಂತು. ವಿಜ್ಞಾನದ ಮರಿನೇಸ್ ಟೀಚರಿಗೆ ಮಕ್ಕಳು ವರ್ಷವರ್ಷವೂ ಸೋಡಾಪುಡಿ ಹಾಕಿ ಉಕ್ಕಿಸುವ ಜ್ವಾಲಾಮುಖಿಗಳನ್ನು ನೋಡಿ ನೋಡಿ ಸಾಕಾಗಿತ್ತು.

"ಈ ಸಲ ಜ್ವಾಲಾಮುಖಿ ತಂದವರನ್ನ ಅದರೊಳಗೇ ಹಾಕ್ತೀನಿ. ನನಗೆ ಪ್ರಶ್ನೆ ಬೇಕು. ಉತ್ತರ ಮೊದಲೇ ಗೊತ್ತಿದ್ರೆ ಅದು ಪ್ರಯೋಗ ಅಲ್ಲ, ನಾಟಕ" ಎಂದಳು.

ಹಿಂದಿನ ಬೆಂಚಿನಿಂದ ಕಿತೇರಿಯಾ ಎದ್ದು ನಿಂತಳು. ಹದಿಮೂರರ ಹುಡುಗಿ, ಕಡ್ಡಿಯಂಥ ಮೈ, ಬಾಯಿ ಮಾತ್ರ ಬಲು ದೊಡ್ಡದು.

"ಟೀಚರ್, ಮಾವಿನಹಣ್ಣು ತಿಂದು ಹಾಲು ಕುಡಿದ್ರೆ ನಿಜವಾಗ್ಲೂ ಸಾಯ್ತಾರಾ?"

ಒಬ್ಬ ಹುಡುಗ ಶಿಲುಬೆಯ ಗುರುತು ಮಾಡಿಕೊಂಡ. ಮರಿನೇಸ್ ಟೀಚರ್ ವಿಶ್ವವಿದ್ಯಾಲಯದಲ್ಲಿ ಓದಿಬಂದವಳು, ನಿಜ; ಆದರೆ ಆಕೆಯೂ ಇದೇ ಊರಿನ ನೀರು ಕುಡಿದವಳಲ್ಲವೇ? "ಗೊತ್ತಿಲ್ಲ ಕಣೇ. ನಾನೂ ಯಾವತ್ತೂ ಕುಡಿದು ನೋಡಿಲ್ಲ. ಹಾಗಾದ್ರೆ ಅದು ಒಳ್ಳೇ ಪ್ರಶ್ನೆ" ಎಂದಳು.

ಕಿತೇರಿಯಾ ನೇರ ಅಡುಗೆಮನೆಗೆ ಓಡಿದಳು. ಸತ್ತವರನ್ನು ಕಣ್ಣಾರೆ ಕಂಡವರು ಯಾರಾದರೂ ಇದ್ದರೆ ಅದು ದೊರಾ ಅತ್ತೆ ಎಂದು ಊರೇ ಹೇಳುತ್ತಿತ್ತು.

"ನಮ್ಮ ಜೆರೊಂಸಿಯೊ ಚಿಕ್ಕಪ್ಪ. ದೊಡ್ಡ ಮಾವಿನಹಣ್ಣು ತಿಂದ. ಮೇಲೆ ಒಂದು ಚೊಂಬು ಹಾಲು ಕುಡಿದ. ಸತ್ತ. ಮುಗೀತು" ಎಂದಳು ದೊರಾಲಿಸಿ, ಸೌಟಿನಿಂದ ಪಾತ್ರೆಯ ಅಂಚಿಗೆ ಬಡಿದು.

"ಕುಡಿದ ತಕ್ಷಣ ಸತ್ತರಾ ಅತ್ತೆ?"

"ತಕ್ಷಣ ಅಂದ್ರೆ... ಅದೇ ಮಧ್ಯಾಹ್ನ."

"ಮಧ್ಯದಲ್ಲಿ ಏನ್ಮಾಡಿದ್ರು?"

"ಏನಿಲ್ಲ. ಒಂದು ಬಾಟ್ಲಿ ಕಬ್ಬಿನ ಸಾರಾಯಿ ಕುಡಿದ."

"ಆಮೇಲೆ?"

"ಆಮೇಲೆ ತೆಂಗಿನಮರ ಹತ್ತಿದ."

"ಹತ್ತಿ?"

"ಬಿದ್ದ."

ಕಿತೇರಿಯಾ ಬಾಯಿಗೆ ಕೈ ಅಡ್ಡ ಹಿಡಿದಳು, ಆದರೂ ನಗು ಮೂಗಿನಿಂದ ಬಂದೇಬಿಟ್ಟಿತು. "ಹಾಗಾದ್ರೆ ಸಾಯಿಸಿದ್ದು ಮಾವಿನಹಣ್ಣಾ, ಹಾಲಾ, ಸಾರಾಯಾ, ತೆಂಗಿನಮರಾನಾ?"

"ಮೊದ್ಲು ಎಷ್ಟೋ ಸಲ ಕುಡಿದು ಮರ ಹತ್ತಿದ್ದ ಕಣೇ, ಬಿದ್ದಿರ್ಲಿಲ್ಲ! ಅವತ್ತು ಮಾವಿನಹಣ್ಣಿನ ಮೇಲೆ ಹಾಲು ಬಿದ್ದಿತ್ತು, ಅದಕ್ಕೇ ಬಿದ್ದ! ಹೋಗಾಚೆ, ನನ್ನ ಅನ್ನ ಸೀದುಹೋಗ್ತಿದೆ!"

ಹುಡುಗಿಯನ್ನು ಅಟ್ಟಿದಳು, ನಿಜ. ಆದರೆ ಆ ಸಂಜೆ ದೊರಾಲಿಸಿ ತಿಕ್ಕಿದ ಪಾತ್ರೆಯನ್ನೇ ಮತ್ತೆ ಮತ್ತೆ ತಿಕ್ಕಿದಳು. ಚಿಕ್ಕಪ್ಪ ಮರದಿಂದ ಬಿದ್ದದ್ದಕ್ಕೇ ಸತ್ತಿದ್ದರೆ? ಮಾವು–ಹಾಲಿನ ಮಾತು ಸುಳ್ಳಾದರೆ, ಇಸ್ತ್ರಿ–ಫ್ರಿಜ್ಜಿನ ಮಾತು ಏನು? ಅದೂ ಹೋದರೆ, ಪೊರಕೆಯ ಮಾತು? ಪೊರಕೆಯ ಮಾತು ಸುಳ್ಳಾದರೆ ಮಿರೊಗೆ ಒಂಬತ್ತು ವರ್ಷ ಬೇಡವೆಂದದ್ದು ಯಾವ ಪುರುಷಾರ್ಥಕ್ಕೆ? ಮಾವಿನಹಣ್ಣು–ಹಾಲು ಜನರನ್ನು ಕೊಲ್ಲಲೇಬೇಕು ಎಂದು ಆಕೆಗೆ ಆ ಗಳಿಗೆಯಲ್ಲಿ ಅನ್ನಿಸಿತು. ಅನ್ನಿಸಿದ್ದಕ್ಕೆ ತಾನೇ ಹೆದರಿ, ಕೆಟ್ಟದ್ದಾಗದಿರಲೆಂದು ಮೂರು ಸಲ ಮರದ ಮಣೆ ತಟ್ಟಿದಳು.

ಮೊದಲ ಪ್ರಯೋಗ ಪಾದ್ರಿ ಅನ್ಸೆಲ್ಮೊರ ಆಡಿನ ಮೇಲೆ ನಡೆಯಿತು. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಈ ಆಡು ಮಾವಿನಹಣ್ಣು ತಿಂದಿತು, ಓಟೆಯನ್ನೂ ಬಿಡಲಿಲ್ಲ, ಹಾಲು ಕುಡಿಯಿತು, ಬಕೆಟ್ಟಿನ ಹಗ್ಗ ತಿಂದಿತು, ಕೊನೆಗೆ 'ಏನಾಗಬಹುದು ಎಂಬ ನಮ್ಮ ಊಹೆ' ಎಂದು ಮಕ್ಕಳು ಬಣ್ಣದಲ್ಲಿ ಬರೆದಿದ್ದ ಚಾರ್ಟನ್ನು ನೆಮ್ಮದಿಯಾಗಿ ಅಗಿದು ನುಂಗಿತು. ಮಧ್ಯಾಹ್ನ ಒಂದು ಸಲ ಕೆಮ್ಮಿತು.

"ನೋಡಿದ್ಯಾ! ಕೆಮ್ಮಿತು!" ಎಂದಳು ದೊರಾಲಿಸಿ ಕಿಟಕಿಯಿಂದ.

"ಕೆಮ್ಮಿದ್ದು ಚಾರ್ಟಿಗೂ ಇರಬಹುದು ಅತ್ತೆ, ಹಗ್ಗಕ್ಕೂ ಇರಬಹುದು" ಎಂದಳು ಕಿತೇರಿಯಾ. ಮರಿನೇಸ್ ಟೀಚರ್ ತಲೆಯಾಡಿಸಿದಳು. ಒಂದೇ ಒಂದು ವಿಷಯ ಬೇರೆ ಇರಬೇಕು, ಉಳಿದದ್ದೆಲ್ಲ ಒಂದೇ ಥರ ಇರಬೇಕು, ಇಲ್ಲದಿದ್ದರೆ ತಪ್ಪು ಯಾರದೆಂದು ತಿಳಿಯುವುದಿಲ್ಲ. ಆಡನ್ನು ಅದರ ಪಾಡಿಗೆ ಬಿಟ್ಟರು.

ಹುಡುಗಿ ಯೋಚಿಸಿ ಯೋಚಿಸಿ ದಾರಿ ಕಂಡುಕೊಂಡಳು. ಹನ್ನೆರಡು ಜನ ದೊಡ್ಡವರು, ಹನ್ನೆರಡು ಲೋಟ. ಆರರಲ್ಲಿ ಹಾಲಿಗೆ ಮಾವಿನ ರಸ. ಇನ್ನಾರರಲ್ಲಿ ಹಾಲಿಗೆ ಬೇಯಿಸಿ ಅರೆದ ಸಿಹಿಗುಂಬಳ, ಅದೇ ಬಣ್ಣ, ಅಷ್ಟೇ ಸಕ್ಕರೆ, ಅಷ್ಟೇ ಚಕ್ಕೆಪುಡಿ, ಅಷ್ಟೇ ಮಂಜುಗಡ್ಡೆ. ವಾಸನೆಯಿಂದ ಗೊತ್ತಾಗಬಾರದೆಂದು ಎಲ್ಲರ ಮೂಗಿಗೂ ಬಟ್ಟೆ ಒಣಗಿಸುವ ಕ್ಲಿಪ್ಪು. ಲೋಟದ ತಳಕ್ಕೆ ಗಾಯದ ಪ್ಲಾಸ್ಟರ್. ಅದರಡಿಯಲ್ಲಿ ಉಗುರುಬಣ್ಣದ ಕೆಂಪು ಚುಕ್ಕೆಯಿದ್ದರೆ ಮಾವು, ಇಲ್ಲದಿದ್ದರೆ ಕುಂಬಳ. ಸುರಿಯುವುದು ಪರದೆಯ ಹಿಂದೆ ಟೀಚರ್ ಒಬ್ಬಳೇ. ಸುರಿದವಳು ಬಡಿಸುವಂತಿಲ್ಲ, ಬಡಿಸುವವರಿಗೆ ಗೊತ್ತಿರುವಂತಿಲ್ಲ.

"ಬಡಿಸೋರಿಗೆ ಗೊತ್ತಿದ್ರೆ ಏನಂತೆ?" ಎಂದು ಯಾರೋ ಕೇಳಿದರು.

"ಮುಖದಲ್ಲಿ ಕಾಣ್ಸಿಬಿಡುತ್ತೆ. ನಮ್ಮಮ್ಮ ನನಗೆ ಇಂಜೆಕ್ಷನ್ ಹಾಕ್ಸೋಕೆ ಕರ್ಕೊಂಡು ಹೋಗೋವಾಗ ಐಸ್‌ಕ್ರೀಮ್ ಕೊಡಿಸ್ತೀನಿ ಅಂತಾಳೆ. ಮುಖ ನೋಡಿದ್ರೆ ಸೂಜಿನೇ ಕಾಣುತ್ತೆ" ಎಂದಳು ಕಿತೇರಿಯಾ.

ಕುಂಬಳಕಾಯಿ ಬೇಯಿಸಲು ದೊರಾಲಿಸಿ ಒಪ್ಪಲಿಲ್ಲ. ಅಡುಗೆಮನೆಗೆ ಬೀಗ ಜಡಿದು ಬೀಗದ ಕೈಯನ್ನು ರವಿಕೆಯೊಳಗೆ ಇಟ್ಟುಕೊಂಡಳು. "ನನ್ನ ಒಲೆ ಮೇಲೆ ಕೊಲೆ ನಡಿಯೋಕೆ ಬಿಡಲ್ಲ!" ಟೀಚರ್ ಮನೆಯಿಂದಲೇ ಬೇಯಿಸಿ ತಂದಳು.

ಮೇಳದ ದಿನ ಶಾಲೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾವು ನೋಡಲು ಸಿಗುತ್ತದೆಂದರೆ ಯಾರು ಮನೆಯಲ್ಲಿ ಕೂರುತ್ತಾರೆ? ಎರಡು ಉದ್ದ ಬೆಂಚುಗಳ ಮೇಲೆ ಹನ್ನೆರಡು ಜನ ಮೂಗಿಗೆ ಕ್ಲಿಪ್ಪು ಹಾಕಿಕೊಂಡು ಗಂಭೀರವಾಗಿ ಕೂತಿದ್ದರು: ಪಾದ್ರಿ ಅನ್ಸೆಲ್ಮೊ, ಅಂಚೆಯವನು, ಕ್ಷೌರಿಕ, ಗಣಿತದ ಮೇಷ್ಟರು, ಹೆಡ್‌ಮೇಷ್ಟರು, ಇನ್ನೂ ಕೆಲವರು, ಅವರ ಮಧ್ಯೆ ಹಾಲಿನ ಮಿರೊ. ಅವನು ಆ ದಿನಕ್ಕೆಂದೇ ಬಿಳಿ ಅಂಗಿ ಹಾಕಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು.

ದೊರಾಲಿಸಿ ಬಂದಿರಲಿಲ್ಲವೇ? ಬರದೆ ಇರುತ್ತಾಳೆಯೇ? ಕಹಿ ಬೋಲ್ಡೊ ಎಲೆಯ ಕಷಾಯವನ್ನು ದೊಡ್ಡ ಹಂಡೆಯಲ್ಲಿ ಕಾಯಿಸಿಕೊಂಡು, ಸತ್ತವರನ್ನು ಬದುಕಿಸಲು ಸೌಟು ಹಿಡಿದು ಬೆಂಚಿನ ಹಿಂದೆಯೇ ನಿಂತಿದ್ದಳು. ಕಣ್ಣು ಮಾತ್ರ ಬಿಳಿ ಅಂಗಿಯ ಮೇಲೆ.

"ಸೆಉ ಮಿರೊ, ಎದ್ದು ಬನ್ನಿ. ನಿಮಗ್ಯಾಕೆ ಬೇಕಿತ್ತು ಇದೆಲ್ಲ?"

"ಬಕ್ಕಳು ಕರೆದ್ರು ದೋದಾ" ಎಂದ ಮಿರೊ; ಕ್ಲಿಪ್ಪಿನ ಮೂಗಿನಲ್ಲಿ ಅವನ 'ಮ' 'ಬ' ಆಗಿ, 'ನ' 'ದ' ಆಗಿ ಬರುತ್ತಿತ್ತು. "ದಬ್ಬ ತಾತ ಹೇಳ್ತಿದ್ದ, ಹಾಲು ಧಣಿಗಳದಂತೆ, ಬಾವು ಬೀದಿದಂತೆ. ಕೂಲಿಯೋರು ಹಾಲು ಬುಟ್ಟಬಾರದು ಅಂತ ಧಣಿಗಳೇ ಹಬ್ಬಿಸಿದ ಬಾತಂತೆ ಇದು."

"ನಿಮ್ಮ ತಾತ ಈಗೆಲ್ಲಿದಾನೆ?"

"ಸತ್ತು ಹೋದ."

"ನೋಡಿ ಮತ್ತೆ!"

ಲೋಟಗಳು ಬಂದವು. ಅಷ್ಟರಲ್ಲಿ ಹೆಡ್‌ಮೇಷ್ಟರು ಇದ್ದಕ್ಕಿದ್ದಂತೆ ಎದ್ದು, ಮೇಲಿನವರಿಗೆ ತುರ್ತಾಗಿ ಫೋನ್ ಮಾಡಬೇಕೆಂದು ಹೇಳಿ ಗೇಟಿನ ಕಡೆ ಓಡಿದರು. ಮೂಗಿನ ಕ್ಲಿಪ್ಪನ್ನೂ ತೆಗೆಯಲಿಲ್ಲ. ಕಿತೇರಿಯಾಳ ಕಣ್ಣಲ್ಲಿ ನೀರು ಬಂತು. ಆರು–ಆರು ಇದ್ದದ್ದು ಈಗ ಸಮವಾಗಿಲ್ಲ, ಹನ್ನೊಂದು ಜನರಲ್ಲಿ ಲೆಕ್ಕ ಕೆಡುತ್ತದೆ. ಒಂದು ತಿಂಗಳ ಕೆಲಸ ನೀರಲ್ಲಿ ಹೋಮ.

"ಅಳಬೇಡ ಬಗೂ. ಅವರ ಲೋಟಾನೂ ದಾದೇ ಕುಡೀತೀದಿ. ಎರಡೂ ದದಗಿರಲಿ" ಎಂದು ಮಿರೊ ಕೈ ಚಾಚಿದ.

"ಎರಡಾ!" ದೊರಾಲಿಸಿಯ ದನಿಗೆ ಮರದ ಮೇಲಿನ ಹಕ್ಕಿಗಳು ಎದ್ದು ಹಾರಿದವು. "ಎರಡು ಕುಡೀತಾನಂತೆ ಎರಡು! ಕತ್ತೆ! ಕೂತ್ಕೋ ಸುಮ್ನೆ! ನಿನ್ನ ಪ್ರಾಣ ಏನು ಬೀದೀಲಿ ಬಿದ್ದಿದ್ಯಾ?" ಒಂಬತ್ತು ವರ್ಷ 'ನೀವು' ಎಂದವಳ ಬಾಯಿಂದ 'ನೀನು' ಬಂದದ್ದನ್ನು ಇಡೀ ಅಂಗಳ ಕೇಳಿಸಿಕೊಂಡಿತು. ಆಕೆ ಸೌಟನ್ನು ಅಂಚೆಯವನ ಕೈಗೆ ತುರುಕಿ, ಬೆಂಚಿನ ಮೇಲೆ ಮಿರೊನ ಪಕ್ಕದಲ್ಲಿ ದೊಪ್ಪನೆ ಕೂತು, ಮೂಗಿಗೆ ಕ್ಲಿಪ್ಪು ಸಿಕ್ಕಿಸಿಕೊಂಡು, ಶಿಲುಬೆಯ ಗುರುತು ಮಾಡಿ, ಹೆಡ್‌ಮೇಷ್ಟರ ಲೋಟವನ್ನು ಒಂದೇ ಗುಟುಕಿಗೆ ಖಾಲಿ ಮಾಡಿದಳು.

ಆಮೇಲೆ ಕಾಯುವ ಕೆಲಸ. ಕಿತೇರಿಯಾ ಮೈಕು ಹಿಡಿದುಕೊಂಡು ಒಬ್ಬೊಬ್ಬರ ಬಳಿ ಹೋಗಿ ಹೇಗಿದೆ ಎಂದು ಕೇಳಿದಳು, ಅವರ ಉತ್ತರ ಊರ ಚೌಕದ ತನಕ ಕೇಳಿಸುತ್ತಿತ್ತು. ಗಣಿತದ ಮೇಷ್ಟರಿಗೆ ಹೊಟ್ಟೆ ತೊಳೆಸಿತು. ಕ್ಷೌರಿಕನಿಗೆ ಕಣ್ಣು ಮಂಜಾಯಿತು, ಕಷಾಯ ಬೇಕೆಂದ. ಅಂಚೆಯವನು ಹೆಂಡತಿಯನ್ನು ಕರೆಸಿದ. ಪಾದ್ರಿ ಮಾತ್ರ ಇನ್ನೊಂದು ಲೋಟ ಸಿಗುತ್ತದೆಯೇ ಎಂದು ವಿಚಾರಿಸಿದರು. ಮಿರೊ ಕಾಲಾಡಿಸುತ್ತ ಜೋಳದ ಕೇಕು ತಿನ್ನುತ್ತಿದ್ದ.

ದೊರಾಲಿಸಿಯ ಪಾದ ತಣ್ಣಗಾಯಿತು. ಹೊಟ್ಟೆಯಲ್ಲಿ ಏನೋ ಹೊರಳಿತು, ಹೊರಳಿ ಮೇಲೆ ಬಂತು. ನಾಲಿಗೆ ದಪ್ಪವಾಯಿತು. ಎಲೆಗಳೆಲ್ಲ ಹಳದಿಯಾಗಿ ಕಂಡವು. ಜೆರೊಂಸಿಯೊ ಚಿಕ್ಕಪ್ಪ ತೆಂಗಿನಮರದ ತುದಿಯಿಂದ ಕೈಬೀಸಿ ಕರೆದ ಹಾಗಾಯಿತು. ಆಕೆ ಬೆಂಚಿನ ಮೇಲೆ ನಿಧಾನಕ್ಕೆ ಒರಗಿದಳು.

"ದಾದು ಹೋಗ್ತಿದೀದಿ."

ಪಾದ್ರಿ ಅನ್ಸೆಲ್ಮೊ ಬೆಂಚು ದಾಟಿ ಬಂದು ಆಕೆಯ ಕೈ ಹಿಡಿದರು. ಕ್ಲಿಪ್ಪು ತೆಗೆಯಲು ಅವರಿಗೂ ನೆನಪಾಗಲಿಲ್ಲ. "ಬಗಳೇ, ಬದಸ್ಸಿದಲ್ಲಿ ಇರೋದು ಹೇಳಿಬಿಡು." ಕಿತೇರಿಯಾಳ ಮುಖ ಬಿಳಿಚಿಕೊಂಡಿತ್ತು, ಕೈಯಲ್ಲಿದ್ದ ಮೈಕು ದೊರಾಲಿಸಿಯ ಬಾಯಿಯ ಹತ್ತಿರವೇ ಉಳಿಯಿತು.

ದೊರಾಲಿಸಿ ಕ್ಲಿಪ್ಪು ಕಿತ್ತೆಸೆದಳು. ಮೂಗು ಕಟ್ಟಿಕೊಂಡು ಸಾಯುವುದು ಆಕೆಗೆ ಬೇಡವಾಗಿತ್ತು.

"ಅಡುಗೆಮನೆ ಬೀಗದ ಕೈ ನನ್ನ ರವಿಕೇಲಿದೆ. ಮುಂಗುಜಾಗೆ ಜೀರಿಗೆ ಹಾಕೋಕೆ ಯಾರನ್ನೂ ಬಿಡಬೇಡಿ, ಹಾಕಿದ್ರೆ ಮೇಲಿಂದ ಬಂದು ಬಡೀತೀನಿ. ಕಿತೇರಿಯಾ, ನಿನ್ನ ಬಯ್ಯಲ್ಲ ಮಗಳೇ, ನಾನೇ ಕುಡಿದದ್ದು." ಉಸಿರು ಎಳೆದುಕೊಂಡಳು. "ಮಿರೊ ಎಲ್ಲಿ?"

"ಇಲ್ಲೇ ಇದೀದಿ."

"ನಿನ್ನ ಮೈಯಿಂದ ಹಾಲಿನ ವಾಸನೆ ಬರುತ್ತೆ, ಅದಕ್ಕೇ ಬೇಡ ಅಂತೀನಿ ಅಂದ್ಕೊಂಡಿದೀಯ. ಆ ವಾಸನೆ ಬರದ ದಿನ ನನಗೆ ಕೆಲಸ ಓಡಲ್ಲ ಕಣೋ. ನನ್ನ ಕಾಲ ಮೇಲೆ ಪೊರಕೆ ಹೋಗಿದೆ. ನನ್ನ ಕಟ್ಕೊಂಡ್ರೆ ನಿನಗೇನಾದ್ರೂ ಆಗಿಬಿಡುತ್ತೆ ಅಂತ ಹೆದರಿಕೆ. ನೀನು ಬದುಕಿರು, ದಿನಾ ಬಂದು ಕೇಳ್ತಾ ಇರು, ನಾನು ಬೇಡ ಅಂತಾ ಇರ್ತೀನಿ, ಅಷ್ಟು ಸಾಕು ಅಂದ್ಕೊಂಡೆ. ಒಂದೊಂದು ಸಲಾನೂ ಹೂಂ ಅನ್ನೋಕೆ ಬಾಯಿ ಬರ್ತಿತ್ತು. ಹೂಂ ಕಣೋ ಮಿರೊ. ಹೂಂ. ಈಗ ಹೇಳ್ದೆ. ಹೋಗ್ತೀನಿ."

ಕಣ್ಣು ಮುಚ್ಚಿದಳು. ಚೌಕದಲ್ಲಿ ಬಸ್ಸಿಗೆ ಕಾದಿದ್ದವರೂ ಟೋಪಿ ತೆಗೆದರು. ಹೆಂಗಸರು ಮುಸಿಮುಸಿ ಅತ್ತರು. ಮಿರೊ ಕೇಕು ಹಿಡಿದ ಕೈಯನ್ನು ಕೆಳಗಿಳಿಸಲೂ ಮರೆತಿದ್ದ.

ಸಾವು ಬರಲಿಲ್ಲ. ತೇಗು ಬಂತು.

ಮೈಕು ಅದನ್ನು ಚರ್ಚಿನ ಗೋಪುರದ ತನಕ ಮುಟ್ಟಿಸಿತು. ಉದ್ದನೆಯ, ತುಂಬುಹೊಟ್ಟೆಯ, ಕುಂಬಳಕಾಯಿಯಂಥ ತೇಗು. ದೊರಾಲಿಸಿ ಒಂದು ಕಣ್ಣು ತೆರೆದಳು. ಮರಿನೇಸ್ ಟೀಚರ್ ಪರದೆಯ ಹಿಂದಿನಿಂದ ಬಂದು, ಸಮಯ ಮುಗಿಯಿತು, ಲೋಟಗಳನ್ನು ಮಗುಚಬಹುದು ಎಂದಳು.

ಕಿತೇರಿಯಾ ಒಂದೊಂದೇ ಪ್ಲಾಸ್ಟರ್ ಕಿತ್ತಳು. ಪಾದ್ರಿ: ಕೆಂಪು ಚುಕ್ಕೆ, ಮಾವು. ಮಿರೊ: ಕೆಂಪು ಚುಕ್ಕೆ, ಮಾವು. ಗಣಿತದ ಮೇಷ್ಟರು: ಬರೀ ಕುಂಬಳ. ಕ್ಷೌರಿಕ: ಕುಂಬಳ. ಅಂಚೆಯವನು: ಕುಂಬಳ, ಅವನ ಹೆಂಡತಿ ಅಲ್ಲೇ ಅವನ ತಲೆಗೆ ಮೊಟಕಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರಲ್ಲ, ಇವರು ಹೊಟ್ಟೆ ಮುಟ್ಟಿ ನೋಡಿಕೊಂಡಿದ್ದರು. ಕೊನೆಗೆ ಹೆಡ್‌ಮೇಷ್ಟರದಾಗಿದ್ದ, ದೊರಾಲಿಸಿ ಕುಡಿದ ಲೋಟ. ಹುಡುಗಿ ತಳವನ್ನು ನೋಡಿದಳು, ಉಗುರಿನಿಂದ ಕೆರೆದು ನೋಡಿದಳು, ಬೆಳಕಿಗೆ ಹಿಡಿದಳು.

"ದೊರಾ ಅತ್ತೆ... ಇದೂ ಕುಂಬಳಕಾಯಿ."

ನಗು ಬೆಂಚಿನಿಂದ ಹುಟ್ಟಿ ಗೇಟು ದಾಟಿ ಚೌಕಕ್ಕೆ ಹೋಗಿ ತಿರುಗಿ ಬಂತು. ಜನ ಒಬ್ಬರ ಮೇಲೊಬ್ಬರು ಬಿದ್ದರು. ಪಾದ್ರಿ ನಕ್ಕ ರಭಸಕ್ಕೆ ಕ್ಲಿಪ್ಪು ಹಾರಿ ಆಡಿನ ಬಾಯಿಗೆ ಬಿತ್ತು, ಆಡು ಅದನ್ನೂ ಅಗಿಯಿತು. ದೊರಾಲಿಸಿ ಎದ್ದು, ಲಂಗ ಕೊಡವಿ, ಯಾರ ಮುಖವನ್ನೂ ನೋಡದೆ ಅಡುಗೆಮನೆಗೆ ಹೋಗಿ ಒಳಗಿನಿಂದ ಅಗಳಿ ಹಾಕಿಕೊಂಡಳು. ಆಕೆಗೆ ನಿಜಕ್ಕೂ ಸಾಯಬೇಕೆನ್ನಿಸಿತು. ಊರೆಲ್ಲ ಕೇಳುವಂತೆ ಹೂಂ ಎಂದಾಗಿತ್ತು, ಅದೂ ಕುಂಬಳಕಾಯಿ ಕುಡಿದು.

ಕಿಟಕಿಯ ಹೊರಗೆ ಇಬ್ಬರು ಬಂದು ನಿಂತರು, ಒಬ್ಬ ಎತ್ತರ, ಒಬ್ಬಳು ಗಿಡ್ಡ.

"ಅತ್ತೆ, ಕೋಪ ಮಾಡ್ಕೋಬೇಡಿ" ಎಂದಳು ಗಿಡ್ಡಿ. "ನಿಮ್ಮಿಂದಲೇ ನಮ್ಮ ಪ್ರಯೋಗ ಗೆದ್ದಿದ್ದು. ನಿಮಗೆ ಹೊಟ್ಟೆ ತೊಳೆಸಿದ್ದು ನಿಜ. ಆದ್ರೆ ತೊಳೆಸಿದ್ದು ಮಾವಿನಹಣ್ಣಲ್ಲ, ಹೆದರಿಕೆ."

ಒಳಗಿನಿಂದ ದನಿ ಬಂತು. "ಪೊರಕೇದೂ ಹಾಗೇನಾ?"

"ಗೊತ್ತಿಲ್ಲ ಅತ್ತೆ. ಅದನ್ನ ಇನ್ನೂ ನೋಡಿಲ್ಲ. ಆದ್ರೆ ಅದನ್ನ ನೋಡೋದು ಸುಲಭ. ಪೊರಕೆ ತಾಗಿದೋರಿಗೆ 'ಎಂದಿಗೂ' ಮದುವೆ ಆಗಲ್ಲ ಅಂತಾರಲ್ಲ? ಸಾವಿರ ಜನಕ್ಕೆ ಆಗದೇ ಇದ್ರೂ ಆ ಮಾತು ನಿಜ ಅಂತ ಆಗಲ್ಲ. ಒಬ್ರಿಗೆ ಆದ್ರೆ ಸಾಕು, ಸುಳ್ಳಾಗ್ಬಿಡುತ್ತೆ."

"ನಾನು ಪ್ರಯೋಗಕ್ಕೆ ರೆಡಿ" ಎಂದ ಮಿರೊ. ಮೂಗು ಈಗ ಖಾಲಿಯಿತ್ತು. "ಆದ್ರೆ ದೊರಾ, ಸಾಯ್ತೀನಿ ಅಂದ್ಕೊಂಡು ಹೇಳಿದ್ದನ್ನ ನಾನು ಲೆಕ್ಕಕ್ಕೆ ಹಿಡಿಯಲ್ಲ. ಒಂದು ಸಲ ಆದದ್ದು ಪುರಾವೆ ಅಲ್ಲ ಅಂತ ಟೀಚರ್ ಹೇಳ್ತಾ ಇದ್ರು. ಮತ್ತೆ ಮಾಡಿ ನೋಡಬೇಕಂತೆ. ನಾಳೆ ಹಾಲು ತರ್ತೀನಿ. ಕೇಳ್ತೀನಿ. ಹೊಟ್ಟೆ ನೆಟ್ಟಗಿರೋವಾಗ ಏನು ಬರುತ್ತೋ ಅದನ್ನ ಹೇಳು. ಬೇಡ ಅಂದ್ರೂ ನಾಡಿದ್ದು ಮತ್ತೆ ತರ್ತೀನಿ."

ಮರುದಿನ ಬೆಳಿಗ್ಗೆ ಅಡುಗೆಮನೆಯ ಕಿಟಕಿಯ ಕೆಳಗೆ ಕಿತೇರಿಯಾಳ ಇಡೀ ಏಳನೇ ತರಗತಿ ಬಗ್ಗಿ ಕೂತಿತ್ತು. ಮರಿನೇಸ್ ಟೀಚರೂ ಕೂತಿದ್ದಳು. ವೀಕ್ಷಣೆ ಮಾಡುವವರು ಸದ್ದು ಮಾಡಬಾರದೆಂದು ಎಲ್ಲರ ಬಾಯಿ ಮುಚ್ಚಿಸುತ್ತಿದ್ದಳು. ಬೈಕು ಬಂತು. ಮಿರೊ ಕ್ಯಾನು ಇಳಿಸಿದ, ಟೋಪಿ ತೆಗೆದ. ಟೋಪಿ ಕೈಜಾರಿ ಕೆಳಗೆ ಬಿತ್ತು.

"ಇವತ್ತಾದ್ರೂ, ದೊರಾ?"

"ಹಾಲು ಸುರಿ."

ಮಿರೊನ ಮುಖ ಇಳಿದುಹೋಯಿತು. ಕಿಟಕಿಯ ಕೆಳಗೆ ಕಿತೇರಿಯಾ ತುಟಿ ಕಚ್ಚಿಕೊಂಡಳು. ಅವನು ಹಾಲು ಸುರಿದ. ದೊರಾಲಿಸಿ ಅದರಿಂದ ಒಂದು ಲೋಟ ತೆಗೆದುಕೊಂಡಳು. ಮಾವಿನ ಮೂಲೆಗೆ ಹೋದಳು, ಈ ಸಲ ಕೈ ತೊಳೆಯಲಿಲ್ಲ. ಅಂಗೈಯಷ್ಟು ದೊಡ್ಡ ಹಣ್ಣನ್ನು ಹಿಂಡಿದಳು, ರಸ ಮೊಣಕೈ ತನಕ ಇಳಿಯಿತು, ಹಾಲು ಬಂಗಾರವಾಯಿತು. ಮೂಗಿಗೆ ಕ್ಲಿಪ್ಪಿಲ್ಲ, ಹಿಂದೆ ಕಷಾಯದ ಹಂಡೆಯಿಲ್ಲ, ಪಕ್ಕದಲ್ಲಿ ಪಾದ್ರಿಯಿಲ್ಲ. ಒಂದು ಗುಟುಕು ಕುಡಿದು ನಿಂತಳು. ಮತ್ತೆ ಕುಡಿದಳು. ಕುಡಿಯುತ್ತ ಕುಡಿಯುತ್ತ ಆಕೆಯ ಕಣ್ಣಿಂದ ಬುಳಬುಳ ನೀರು ಇಳಿಯಿತು.

"ಏನಾಯ್ತು? ಹೊಟ್ಟೆ ನೋವಾ?" ಮಿರೊ ಹೌಹಾರಿದ.

"ಇಷ್ಟು ರುಚಿ ಇರುತ್ತಾ ಇದು!" ಎಂದಳು ದೊರಾಲಿಸಿ, ಮೂಗು ಸೀಟಿಕೊಂಡು. "ಇಷ್ಟು ವರ್ಷ ಇಲ್ಲೇ ಇತ್ತು, ಈ ಮೂಲೇಲಿ ಅದು, ಆ ಮೂಲೇಲಿ ಇದು. ನನ್ನ ಕೈಯಳತೇಲೇ ಇತ್ತು. ಒಂದು ದಿನಾನೂ ಕುಡಿದು ನೋಡ್ಲಿಲ್ಲವಲ್ಲೋ ನಾನು!" ಅತ್ತಳು, ಅಳುತ್ತಲೇ ನಕ್ಕಳು, ತುಟಿಯ ಮೇಲಿನ ಹಳದಿ ಮೀಸೆಯನ್ನು ತೋಳಿನಿಂದ ಒರೆಸಿಕೊಂಡಳು. "ಈಗ ಕೇಳು."

"ಇವತ್ತಾದ್ರೂ?"

"ಹೂಂ."

ಕಿಟಕಿಯ ಕೆಳಗೆ ಕೂಗೆದ್ದಿತು. ಏಳನೇ ತರಗತಿ ಬಾಗಿಲಲ್ಲೂ ಕಿಟಕಿಯಲ್ಲೂ ಒಟ್ಟಿಗೇ ಒಳಗೆ ನುಗ್ಗಿತು, ಮಾವಿನ ಬುಟ್ಟಿ ಉರುಳಿತು, ಟೀಚರ್ ಯಾರನ್ನೋ ತಬ್ಬಿಕೊಂಡು ಕುಣಿದಳು, ಆಡು ಹೇಗೋ ಒಳಗೆ ಬಂದಿತ್ತು. ಆ ಗದ್ದಲದಲ್ಲಿ ದೊರಾಲಿಸಿ ಮೂಲೆಯಲ್ಲಿದ್ದ ಪೊರಕೆಯನ್ನು ಎತ್ತಿಕೊಂಡು ನೇರ ಮಿರೊನ ಮುಂದೆ ಬಂದು, ಅವನ ಬೂಟುಗಳ ಮೇಲೆ ಬಲವಾಗಿ ಗುಡಿಸಿದಳು, ಎಡಗಾಲು ಒಂದು ಸಲ, ಬಲಗಾಲು ಒಂದು ಸಲ.

"ಇದೇನಿದು?" ಎಂದ ಮಿರೊ.

"ಇನ್ಮೇಲೆ ನೀನು ಬೇರೆ ಯಾರನ್ನೂ ಮದುವೆ ಆಗೋ ಹಾಗಿಲ್ಲ."

"ಅದು ಸುಳ್ಳು ಅಂತ ತಾನೇ ನಾವೀಗ..."

"ಸುಳ್ಳೇ" ಎಂದಳು ದೊರಾಲಿಸಿ. "ಕಾಲು ಅಲ್ಲಾಡಿಸಬೇಡ."